ಒಂದೇ ಅಕ್ಷರದ ವೆಬ್ ವಿಳಾಸ: ಯಾರಿಗೆ ಕೊಡಬೇಕು?

ನಿಮ್ಮ ಫೋನ್‌ನಲ್ಲಿ ಎಕ್ಸ್ ಡಾಟ್ ಕಾಮ್ ಅಂತ ಟೈಪ್ ಮಾಡಿದ್ರೆ ಹಳೆಯ ಟ್ವಿಟರ್ ತೆರೆದುಕೊಳ್ಳುತ್ತೆ. ಈಗ ಎಕ್ಸ್ ತೆಗೆದು ಬಿ ಹಾಕಿ ನೋಡಿ, ಕೆ ಹಾಕಿ ನೋಡಿ. ಯಾವ ಸೈಟೂ ಬರಲ್ಲ. ಇಂಗ್ಲಿಷಿನ 26 ಅಕ್ಷರಗಳ ಪೈಕಿ ಡಾಟ್ ಕಾಮ್ ಜೊತೆ ಒಂಟಿಯಾಗಿ ಯಾರದ್ದೋ ಕೈ ಸೇರಿದ್ದು ಮೂರೇ: ಕ್ಯೂ, ಎಕ್ಸ್, ಝಡ್. ಉಳಿದ 23ಕ್ಕೆ 1993ರಲ್ಲೇ ಬೀಗ ಬಿತ್ತು. ಯಾರು ಹಾಕಿದ್ರು, ಯಾಕೆ ಹಾಕಿದ್ರು ಅನ್ನೋದೇ ಇವತ್ತಿನ ಕಥೆ.

ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳ ನಿಜವಾದ ವಿಳಾಸ ಅಂದ್ರೆ ಬರೀ ಅಂಕಿ. ಅದಕ್ಕೆ ಹೆಸರು ಕೊಡುವ ಡೊಮೈನ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಡಾಟ್ ಕಾಮ್ ನೋಂದಣಿಯಾಯ್ತು, ಅದೇ ಮೊದಲ ಡಾಟ್ ಕಾಮ್. ಆಗ ಹೆಸರಿಗೆ ಒಂದು ಪೈಸೆಯೂ ಇರಲಿಲ್ಲ. ಮೊದಲು ಅರ್ಜಿ ಹಾಕಿದವರಿಗೆ ಹೆಸರು, ಅಷ್ಟೇ. ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಶುರುವಾಗಿದ್ದು 1995ರ ಸೆಪ್ಟೆಂಬರ್‌ನಲ್ಲಿ.

ಈ ಲೆಕ್ಕಪುಸ್ತಕದ ಮೇಲೆ ಕಣ್ಣಿಟ್ಟಿದ್ದವರು ಜಾನ್ ಪೋಸ್ಟೆಲ್. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡ್ತಿದ್ದ ಗಡ್ಡದ ಮನುಷ್ಯ. 1993ರ ಡಿಸೆಂಬರ್ 1ರಂದು ಅವರು ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಮೂರರಲ್ಲೂ ಮಿಕ್ಕಿದ್ದ ಒಂಟಿ ಅಕ್ಷರ, ಒಂಟಿ ಅಂಕಿಗಳನ್ನೆಲ್ಲ ಕಾಯ್ದಿರಿಸಿಬಿಟ್ಟರು. ಅಷ್ಟರೊಳಗೆ ಆರು ಹೆಸರು ಹೋಗಿಯಾಗಿತ್ತು. ಅವನ್ನು ವಾಪಸ್ ಕೇಳಲಿಲ್ಲ.

ಕಾರಣ ಏನು? ಡಾಟ್ ಕಾಮ್ ತುಂಬಿ ತುಳುಕಿದರೆ ಮುಂದೆ ಅದನ್ನು ಅಕ್ಷರವಾರು ಒಡೆಯಬೇಕಾಗಬಹುದು ಅನ್ನೋ ಯೋಚನೆ. ಬಿ ಇಂದ ಶುರುವಾಗುವ ಕಂಪನಿಗಳೆಲ್ಲ ಬಿ ಡಾಟ್ ಕಾಮ್ ಕೆಳಗೆ, ಹೀಗೆ. ನಮ್ಮಲ್ಲಿ ಬಡಾವಣೆ ಮಾಡುವಾಗ ಶಾಲೆಗೆ, ಪಾರ್ಕಿಗೆ ಅಂತ ಸಿಎ ಸೈಟ್ ಬಿಡ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಮೂರು ತಿಂಗಳ ನಂತರ, 1994ರ ಮಾರ್ಚ್‌ನಲ್ಲಿ, ಪೋಸ್ಟೆಲ್ ಇನ್ನೊಂದು ದಾಖಲೆ ಬರೆದರು. ಡೊಮೈನ್ ವಿಷಯದಲ್ಲಿ ಹಕ್ಕು, ಒಡೆತನ ಅನ್ನೋ ಮಾತೇ ಸರಿಯಲ್ಲ, ಜವಾಬ್ದಾರಿ ಮತ್ತು ಸೇವೆ ಬಗ್ಗೆ ಮಾತಾಡಿ ಅನ್ನೋದು ಅದರ ಸಾರ.

ಆದ್ರೆ ಆ ಸಿಎ ಸೈಟಿನಲ್ಲಿ ಯಾವ ಶಾಲೆಯೂ ಏಳಲಿಲ್ಲ. ಇವತ್ತು 15 ಕೋಟಿಗೂ ಹೆಚ್ಚು ಡಾಟ್ ಕಾಮ್ ಹೆಸರುಗಳು ಒಂದೇ ಪಟ್ಟಿಯಲ್ಲಿ ಆರಾಮಾಗಿವೆ. ಒಡೆಯುವ ಅಗತ್ಯವೇ ಬರಲಿಲ್ಲ, ಬೀಗ ಮಾತ್ರ ಉಳೀತು. ಬೀಗ ಉಳಿದಿದ್ದರಿಂದ ಹೊರಗಿದ್ದ ಆರು ಹೆಸರು ಚಿನ್ನವಾದವು. ನಿಸಾನ್ ಕಾರ್ ಕಂಪನಿ ಕೈಯಲ್ಲಿದ್ದ ಝಡ್ ಡಾಟ್ ಕಾಮ್ 2014ರಲ್ಲಿ 80 ಕೋಟಿ ಯೆನ್‌ಗೆ ಜಪಾನಿನ ಜಿಎಂಒ ಪಾಲಾಯ್ತು. ಇಲಾನ್ ಮಸ್ಕ್ 1999ರಲ್ಲಿ ಎಕ್ಸ್ ಡಾಟ್ ಕಾಮ್ ಹೆಸರಲ್ಲಿ ಕಂಪನಿ ಕಟ್ಟಿದರು, ಅದು ಮುಂದೆ ಪೇಪಾಲ್ ಆಯ್ತು. 2017ರಲ್ಲಿ ಪೇಪಾಲ್‌ನಿಂದಲೇ ಹೆಸರನ್ನು ಮತ್ತೆ ಕೊಂಡರು. 2023ರ ಜುಲೈನಲ್ಲಿ ಟ್ವಿಟರ್‌ಗೆ ಅದೇ ಹೆಸರು ಬಂತು.

ಅಮೆರಿಕದ ಓವರ್‌ಸ್ಟಾಕ್ ಅನ್ನೋ ಆನ್‌ಲೈನ್ ಅಂಗಡಿಗೆ ಓ ಡಾಟ್ ಕಾಮ್ ಬೇಕಿತ್ತು, ಸಿಗಲಿಲ್ಲ. ಕೊಲಂಬಿಯಾ ದೇಶದ ಡಾಟ್ ಸಿಓ ಅಡಿಯಲ್ಲಿ ಓ ಅಕ್ಷರವನ್ನು ಮೂರೂವರೆ ಲಕ್ಷ ಡಾಲರ್‌ಗೆ ಕೊಂಡು ಜಾಹೀರಾತು ಕೊಟ್ಟರು. ಜನ ಅಭ್ಯಾಸಬಲದಿಂದ ಡಾಟ್ ಕಾಮ್ ಅಂತಲೇ ಟೈಪ್ ಮಾಡಿದ್ರು! ಕಂಪನಿ ಹಳೆ ಹೆಸರಿಗೇ ಮರಳಿತು.

ಹಾಗಾದ್ರೆ ಇಂಥ ಅಪರೂಪದ ವಸ್ತುವನ್ನು ಹಂಚೋದು ಹೇಗೆ? ಮೊದಲು ಬಂದವರಿಗೆ ಕೊಡಿ ಅನ್ನೋದು ನ್ಯಾಯ ಅನ್ಸುತ್ತೆ. ಆದ್ರೆ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಪೋಸ್ಟೆಲ್ ಬೀಗ ಹಾಕಿ ಅದಾಗಲೇ 20 ತಿಂಗಳಾಗಿತ್ತು. ನಾವು ಕ್ಯೂನಲ್ಲೇ ಇರಲಿಲ್ಲ ಅಂದ್ಮೇಲೆ ಮೊದಲು, ಕೊನೆ ಅನ್ನೋದಕ್ಕೆ ಏನರ್ಥ?

ಹರಾಜು ಹಾಕಿದ್ರೆ? ಆರ್‌ಟಿಓದಲ್ಲಿ ಫ್ಯಾನ್ಸಿ ನಂಬರ್ ಹರಾಜಾದ್ರೆ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತೆ. ಇಂಟರ್ನೆಟ್‌ಗೆ ಖಜಾನೆ ಎಲ್ಲಿದೆ? 2018ರಲ್ಲಿ ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿಯ ಒಂದು ಪ್ರಸ್ತಾವವನ್ನು ಡೊಮೈನ್‌ಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಸಾರ್ವಜನಿಕರ ಮುಂದಿಟ್ಟಿತು: ಓ ಡಾಟ್ ಕಾಮ್ ಒಂದನ್ನೇ ಪ್ರಯೋಗವಾಗಿ ಹರಾಜು ಹಾಕೋಣ, ಬಂದ ಹಣ ಲಾಭರಹಿತ ಸಂಸ್ಥೆಗಳಿಗೆ ಹೋಗಲಿ ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಹಣ ಎಲ್ಲಿಗೇ ಹೋಗಲಿ, ಹೆಸರು ಮಾತ್ರ ದೊಡ್ಡ ಜೇಬಿನವರಿಗೇ ಹೋಗುತ್ತೆ.

ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಂತೇನಿಲ್ಲ. ಒಂದು ಅಕ್ಷರಕ್ಕೆ ಕೋಟಿಗಟ್ಟಲೆ ಬೆಲೆ ಬಂದಿದ್ದು ಯಾರೋ ಒಬ್ಬರು ದುಡಿದದ್ದರಿಂದಲ್ಲ. ದಿನಾ ಡಾಟ್ ಕಾಮ್ ಅಂತ ಟೈಪ್ ಮಾಡುವ ನಮ್ಮೆಲ್ಲರ ಬೆರಳುಗಳಿಂದ. ಹಾಗಾಗಿ ಎಲ್ಲರಿಗೂ ಉಪಯೋಗ ಆಗುವಂಥ ದಾರಿ ಸಿಗೋವರೆಗೂ ಆ ಬೀಗ ಹಾಗೇ ಇರಲಿ. ಪೋಸ್ಟೆಲ್ 1998ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಖಾಲಿ ಬಿಟ್ಟ ಸೈಟು ದಂಡ ಅಂತ ಹೇಳುವವರಿಗೆ ನನ್ನದೊಂದೇ ಪ್ರಶ್ನೆ: ಬಡಾವಣೆಯ ಸಿಎ ಸೈಟನ್ನೂ ಹಾಗಂತ ಮಾರಿಬಿಡ್ತೀರಾ?