ನೈಸೀಯ ವಿಶ್ವಾಸಪ್ರಮಾಣ

ಕ್ರೈಸ್ತ ನಂಬಿಕೆಯ ಮೂಲತತ್ತ್ವಗಳನ್ನು ಕೆಲವೇ ವಾಕ್ಯಗಳಲ್ಲಿ ಅಡಕಗೊಳಿಸಿರುವ ಅಧಿಕೃತ ಘೋಷಣೆ. ಒಬ್ಬನೇ ದೇವರು, ಆತನ ಮಗನಾದ ಯೇಸುಕ್ರಿಸ್ತನ ಮನುಷ್ಯಾವತಾರ, ಶಿಲುಬೆಯ ಮರಣ, ಪುನರುತ್ಥಾನ, ಪುನರಾಗಮನ, ಪವಿತ್ರಾತ್ಮ, ಧರ್ಮಸಭೆ, ದೀಕ್ಷಾಸ್ನಾನ, ಮುಂಬರುವ ಲೋಕದ ಜೀವ ಇವು ಅದರ ತಿರುಳು. ಕೆಥೊಲಿಕರು, ಆರ್ಥೊಡಾಕ್ಸ್ ಪಂಥದವರು, ಬಹುಪಾಲು ಪ್ರಾಟೆಸ್ಟೆಂಟರು ಇದನ್ನು ಒಪ್ಪುತ್ತಾರೆ. ಕರ್ನಾಟಕದ ಕೆಥೊಲಿಕ ಚರ್ಚುಗಳ ಬಲಿಪೂಜೆಯಲ್ಲಿ ಲ್ಯಾಟಿನ್ನಿನಲ್ಲಿದ್ದ ಈ ಪಠಣ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಕನ್ನಡ, ಕೊಂಕಣಿಗಳಿಗೆ ಬಂತು.

ಇದು ಹುಟ್ಟಿದ್ದು ವಾಗ್ವಾದದಿಂದ. ನಾಲ್ಕನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್, ಮಗನು ತಂದೆಯಿಂದ ಸೃಷ್ಟಿಯಾದವನು, ಆದ್ದರಿಂದ ಆತನಿಗೆ ಆದಿಯುಂಟು ಎಂದು ಬೋಧಿಸಿದ. ದೇವರ ಏಕತ್ವಕ್ಕೆ ಕುಂದು ಬರಬಾರದೆಂಬುದೇ ಅವನ ಕಾಳಜಿಯಾಗಿತ್ತು. ಅವನನ್ನು ಬರೀ ಧರ್ಮದ್ರೋಹಿಯೆಂದು ತಳ್ಳಿಹಾಕುವುದು ಸರಿಯಲ್ಲ. ನಾವಿಕರೂ ಗಿರಣಿಯವರೂ ಹಾಡಿಕೊಳ್ಳಲೆಂದು ಅವನು ಪದ ಕಟ್ಟಿದನೆಂದು ಪ್ರಾಚೀನ ಚರಿತ್ರೆಕಾರ ಫಿಲೊಸ್ಟಾರ್ಜಿಯಸ್ ಬರೆದಿದ್ದಾನೆ. ಅಲೆಕ್ಸಾಂಡ್ರಿಯದ ಬಿಷಪ್ ಅಲೆಕ್ಸಾಂಡರ್ ಅವನನ್ನು ಬಹಿಷ್ಕರಿಸಿದ ಮೇಲೆ ಜಗಳ ಪೂರ್ವದ ಪ್ರಾಂತಗಳಿಗೆಲ್ಲ ಹಬ್ಬಿತು.

324ರಲ್ಲಿ ರೋಮ್ ಸಾಮ್ರಾಜ್ಯದ ಏಕಾಧಿಪತಿಯಾದ ಕಾನ್‌ಸ್ಟಂಟೈನನಿಗೆ ಈ ಒಡಕು ಬೇಕಿರಲಿಲ್ಲ. 325ರಲ್ಲಿ ಆತ ನೈಸೀಯದಲ್ಲಿ, ಅಂದರೆ ಇಂದಿನ ತುರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರ ಮಹಾಸಭೆ ಕರೆದ. ಬಂದವರು 318 ಮಂದಿ ಎಂಬುದು ಸಂಪ್ರದಾಯದ ಲೆಕ್ಕ. ಅವರಲ್ಲೊಬ್ಬನಾದ ನಿಯೊಸಿಸೇರಿಯದ ಪೌಲನ ಕೈಗಳು ಹಿಂದಿನ ಧರ್ಮಹಿಂಸೆಯಲ್ಲಿ ಕಾದ ಕಬ್ಬಿಣದಿಂದ ಸುಟ್ಟು ಮರಗಟ್ಟಿದ್ದವೆಂದು ಥಿಯೊಡೊರೆಟ್ ಹೇಳುತ್ತಾನೆ. ಮಗನು ತಂದೆಯೊಡನೆ ಏಕಸ್ವರೂಪನು, ಹುಟ್ಟಿದವನೇ ಹೊರತು ಸೃಷ್ಟಿಯಾದವನಲ್ಲ ಎಂದು ಸಭೆ ತೀರ್ಮಾನಿಸಿತು. ಏಕಸ್ವರೂಪವನ್ನು ಸೂಚಿಸಲು ಬಳಸಿದ ಗ್ರೀಕ್ ಪದ ಬೈಬಲಿನಲ್ಲಿಲ್ಲ ಎಂಬ ಆಕ್ಷೇಪ ಬಹುಕಾಲ ಉಳಿಯಿತು.

ಚಕ್ರವರ್ತಿಯ ಅಪ್ಪಣೆಯಿಂದಲೇ ಈ ಸಿದ್ಧಾಂತ ಗೆದ್ದಿತೆಂಬ ಮಾತು ಆಗಾಗ ಕೇಳಿಬರುತ್ತದೆ. ನಂತರದ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. 337ರಲ್ಲಿ ಸಾವಿನ ಹಾಸಿಗೆಯಲ್ಲಿದ್ದ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟವನು ಆರಿಯಸ್ಸನ ಪಕ್ಷಪಾತಿಯಾಗಿದ್ದ ನಿಕೊಮೀಡಿಯದ ಯೂಸೇಬಿಯಸ್. ನೈಸೀಯ ಪಕ್ಷದ ಧುರೀಣನಾದ ಅಥನೇಸಿಯಸ್ ಅಲೆಕ್ಸಾಂಡ್ರಿಯದ ಬಿಷಪ್ಪನಾಗಿದ್ದ 45 ವರ್ಷಗಳಲ್ಲಿ ಐದು ಬಾರಿ ಗಡಿಪಾರಾದ. ಮನುಷ್ಯನನ್ನು ಉದ್ಧರಿಸಲು ದೇವರಿಗೇ ಸಾಧ್ಯ, ಸೃಷ್ಟಿಯಾದವನಿಗಲ್ಲ ಎಂಬುದು ಅವನ ವಾದದ ಜೀವಾಳ. ಬಿಷಪ್ಪರಾದ ಬೇಸಿಲ್, ನಾಜಿಯಾನ್ಸಸಿನ ಗ್ರೆಗರಿ, ನಿಸ್ಸದ ಗ್ರೆಗರಿ ಇವರು ತ್ರಿಯೇಕ ದೇವರ ತತ್ತ್ವಕ್ಕೆ ಖಚಿತ ಪರಿಭಾಷೆ ಒದಗಿಸಿದರು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಎಂಬ ಉತ್ತರ ಬರುತ್ತದೆಂದು ನಿಸ್ಸದ ಗ್ರೆಗರಿ ಬೇಸರಪಟ್ಟಿದ್ದಾನೆ.

381ರಲ್ಲಿ ಅದೇ ನಗರದಲ್ಲಿ ಸೇರಿದ ಮಹಾಸಭೆ ನೈಸೀಯದ ನಿಲುವನ್ನು ಸ್ಥಿರಪಡಿಸಿತು. ಪವಿತ್ರಾತ್ಮನ ಕುರಿತು ವಿಸ್ತರಿಸಿದ ಇಂದಿನ ಪಾಠ ಈ ಸಭೆಯದೆಂದು ಎಣಿಕೆ. ಪವಿತ್ರಾತ್ಮನು ತಂದೆಯಿಂದ ಮಾತ್ರವಲ್ಲದೆ ಮಗನಿಂದಲೂ ಹೊರಡುತ್ತಾನೆ ಎಂಬ ಸೇರ್ಪಡೆಯನ್ನು ಪಶ್ಚಿಮದ ಧರ್ಮಸಭೆಯವರು ಆಮೇಲೆ ಮಾಡಿಕೊಂಡರು. ರೋಮಿನ ಪೂಜಾವಿಧಿಗೆ ಅದು 1014ರಲ್ಲಿ ಬಂತು. 1054ರ ಪೂರ್ವ-ಪಶ್ಚಿಮ ಬಿರುಕಿಗೆ ಇದೂ ಒಂದು ಕಾರಣ. ಆ ಸೇರ್ಪಡೆಯನ್ನು ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಒಪ್ಪಿಲ್ಲ.