ಬಸ್ ಕತೆಗಳು, ಭಾಗ 4: ಬ್ರಿಸ್ಟಲ್‌ನ ಕಂಡಕ್ಟರ್ ಕೆಲಸ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1875ರಲ್ಲಿ ಟ್ರಾಮ್ ಓಡಿಸಿದ ಕಂಪನಿಯೇ ಮುಂದೆ ಬ್ರಿಸ್ಟಲ್ ಆಮ್ನಿಬಸ್ ಆಯ್ತು. 1963ರಲ್ಲಿ ಅದು ಸರ್ಕಾರದ ಒಡೆತನದ್ದು. ಟಿಕೆಟ್ ದುಡ್ಡು ಎಲ್ಲರಿಂದಲೂ ತಗೋತಿತ್ತು. ಆದ್ರೆ ಕಪ್ಪು ಜನಾಂಗದವರಿಗೆ, ಏಷ್ಯಾದವರಿಗೆ ಬಸ್ಸಲ್ಲಿ ಕೆಲಸ ಇಲ್ಲ! ಗ್ಯಾರೇಜು, ಕ್ಯಾಂಟೀನ್ ಅಷ್ಟೇ. ಯೂನಿಯನ್ನೂ ಇದಕ್ಕೆ ಒಪ್ಪಿತ್ತು.

ಜಮೈಕಾದ ಗೈ ಬೇಲಿ ವೆಸ್ಟ್ ಇಂಡೀಸ್‌ನವನು ಅಂತ ಗೊತ್ತಾದ ತಕ್ಷಣ ಇಂಟರ್‌ವ್ಯೂ ಕ್ಯಾನ್ಸಲ್. ಪಾಲ್ ಸ್ಟೀಫನ್‌ಸನ್ ಮತ್ತು ಗೆಳೆಯರು ಏಪ್ರಿಲ್ 30ರಿಂದ ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ರು. ವಿದ್ಯಾರ್ಥಿಗಳೂ ಮೆರವಣಿಗೆ ಮಾಡಿದ್ರು. ನಾಲ್ಕು ತಿಂಗಳಾದ ಮೇಲೆ, ಆಗಸ್ಟ್ 28ಕ್ಕೆ, ಕಂಪನಿ ಬಗ್ಗಿತು.

ಸೆಪ್ಟೆಂಬರ್ 17ಕ್ಕೆ ಅಲ್ಲಿನ ಮೊದಲ ಬಿಳಿಯರಲ್ಲದ ಕಂಡಕ್ಟರ್ ಆದವರು ಯಾರು ಗೊತ್ತಾ? ನಮ್ಮ ದೇಶ ಮೂಲದ ಸಿಖ್ಖರು, ರಘ್‌ಬೀರ್ ಸಿಂಗ್! ಕೆಲಸ ಕೊಡುವಾಗ ಬಣ್ಣ ನೋಡಬಾರದು ಅಂತ ಬ್ರಿಟನ್ನಿನಲ್ಲಿ ಕಾನೂನು ಬಂದಿದ್ದು 1968ರಲ್ಲಿ. ಬ್ರಿಸ್ಟಲ್ ಜನ ಅದಕ್ಕೂ ಐದು ವರ್ಷ ಮೊದಲೇ ಗೆದ್ದಿದ್ರು.