ದೋಣಿ ಹೊರೋ ದಾರಿ

ಮಿನೆಸೋಟಾದಾಗಿರೋ ಮಗಳು, ಅಳಿಯ ಈ ಆಷಾಢದಾಗ ಮಕ್ಕಳನ್ನ ಕರಕೊಂಡು ಬೌಂಡರಿ ವಾಟರ್ಸ್ ಕಾಡಿಗೆ ದೋಣಿ ಪ್ರವಾಸ ಹೊಂಟಾರ. "ಆರಾಮ ಹೋಗೋದವ್ವಾ, ಅವಸರ ಇಲ್ಲ" ಅಂದ್ಲು. ಆದ್ರ ಒಂದು ಕೆರಿ ಮುಗದು ಇನ್ನೊಂದು ಸಿಗೂತನಕ ದೋಣಿ, ಗಂಟು ಎಲ್ಲಾ ಹೊತಗೊಂಡ ನಡೀಬೇಕಂತ! ಆ ದಾರಿಗೆ ಪೋರ್ಟೇಜ್ ಅಂತಾರ.

ಇದೇನು ಹೊಸದಲ್ಲ ಅಕ್ಕಂದಿರ. ಅಲ್ಲಿಯ ಮೂಲ ಜನ ಒಜಿಬ್ವೆಯವರು ಭೂರ್ಜ ಮರದ ತೊಗಟಿಯ ದೋಣಿ ಮಾಡತಿದ್ರು. ಬೇರು ಸೀಳಿ ದಾರ ಮಾಡಿ ತೊಗಟಿ ಹೊಲಿಯೋದು, ಸಂದಿಗೆ ಮರದ ಅಂಟು ಬಳಿಯೋದು ಹೆಂಗಸರ ಕೆಲಸ. ದೋಣಿ ಹಗುರ, ಅದಕ್ಕ ಹೊರಲಿಕ್ಕೆ ಬರತಿತ್ತು.

ಮುಂದ 1700ರ ದಶಕಗಳ ಕೊನಿಗೆ ನಾರ್ತ್ ವೆಸ್ಟ್ ಕಂಪನಿ ಬೀವರ್ ತುಪ್ಪಳದ ವ್ಯಾಪಾರಕ್ಕ ಇದೇ ದಾರಿ ಹಿಡೀತು. ಪಿಜನ್ ನದಿಯೊಳಗ ಧಬಧಬಿ ಇದ್ದದ್ದಕ್ಕ ಸುಪೀರಿಯರ್ ಸರೋವರದ ದಂಡಿಯಿಂದ 8.5 ಮೈಲಿ ಗ್ರ್ಯಾಂಡ್ ಪೋರ್ಟೇಜ್ ನಡೀಬೇಕಿತ್ತು. ಸುಮಾರು 40 ಕಿಲೋದ ಒಂದು ಗಂಟು, ಅಂಥಾವು ಎರಡು! ನಮ್ಮಲ್ಲಿ ಸಿಂಬಿ ಇದ್ದಂಗ ಅವರಿಗೆ ಹಣಿಗೆ ಚರ್ಮದ ಪಟ್ಟಿ. ಸುಮಾರು ಅರ್ಧ ಮೈಲಿಗೊಮ್ಮೆ ಗಂಟು ಇಳಿಸಿ ದಣಿವು ಆರಿಸಿಕೊಳ್ಳೋರು, ದಾರಿಯ ಉದ್ದನೂ ಆ ಇಳಿಸೋ ಲೆಕ್ಕದಾಗನ ಹೇಳೋರು.

ಅಳಿಯಗ ನಾ ಇದನ್ನ ಹೇಳಿದೆ. ಮಗಳ ಸೊಂಟ ಮೊದಲಿನಂಗಿಲ್ಲ. ನಕ್ಷೆದಾಗ ಒಂದು ಮೈಲಿ ಅಂದ್ರ, ಒಮ್ಮೆ ದೋಣಿ ಒಯ್ದು, ತಿರುಗಿ ಬಂದು, ಮತ್ತ ಚೀಲ ಒಯ್ದು, ಮೂರು ಮೈಲಿ ನಡಿಗಿ ಆಗತದ. ಅವರು ಗೂಟಾ ಹಾಕಿದ ಏಳು ಕೆರಿ ಈಗ ಮೂರಕ್ಕ ಇಳದಾವ. ಅಕ್ಕಿ-ಬ್ಯಾಳಿ ಗಂಟು ಎಷ್ಟು ಭಾರ ಅಂತ ಮಗಳು ತೂಗಲಿಕ್ಕೆ ಹತ್ಯಾಳ.